ಮೊಟ್ಟೆಗಳ್ಳ ಮತ್ತು ಹಳೆಯ ಫಿಲ್ಮು

1922ರಲ್ಲಿ ನ್ಯೂಯಾರ್ಕಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದ ರಾಯ್ ಚಾಪ್‌ಮನ್ ಆಂಡ್ರೂಸ್ ಕಾರುಗಳನ್ನೂ ಒಂಟೆಗಳನ್ನೂ ಕಟ್ಟಿಕೊಂಡು ಗೋಬಿ ಮರುಭೂಮಿಗೆ ಹೊರಟ. ತಂಡದ ಛಾಯಾಗ್ರಾಹಕ ಜೆ. ಬಿ. ಶ್ಯಾಕಲ್‌ಫರ್ಡ್. ಆತ ಪಯಣವನ್ನೂ ಮಂಗೋಲಿಯದ ಜನರ ಬದುಕನ್ನೂ ಚಲನಚಿತ್ರವಾಗಿ ಸೆರೆಹಿಡಿದ. ಕೆಂಪು ಬಂಡೆಗಳ ಅಂಚಿನಲ್ಲಿ ಅಡ್ಡಾಡುವಾಗ ಡೈನೋಸಾರ್ ತಲೆಬುರುಡೆಯೊಂದು ಮೊದಲು ಕಣ್ಣಿಗೆ ಬಿದ್ದದ್ದೂ ಆತನಿಗೇ.

ಮರುವರ್ಷ ಅಲ್ಲೇ ಮೊಟ್ಟೆಗಳು ಸಿಕ್ಕವು. ಅವುಗಳ ಮೇಲೆ ಬೇರೊಂದು ಪ್ರಾಣಿಯ ಎಲುಬುಗಳಿದ್ದವು. ಕದಿಯಲು ಬಂದು ಸತ್ತಿರಬೇಕೆಂದು ಊಹಿಸಿ, 1924ರಲ್ಲಿ ಅದಕ್ಕೆ ‘ಓವಿರ್ಯಾಪ್ಟರ್’, ಅಂದರೆ ಮೊಟ್ಟೆಗಳ್ಳ ಎಂದು ಹೆಸರಿಟ್ಟರು. ಎಪ್ಪತ್ತು ವರ್ಷಗಳ ನಂತರ, ಗೋಬಿಯಲ್ಲಿ ದೊರೆತ ಅಂಥದೇ ಮೊಟ್ಟೆಯೊಳಗಿನ ಭ್ರೂಣ ನಿಜ ಹೇಳಿತು: ಆ ಮೊಟ್ಟೆಗಳು ಓವಿರ್ಯಾಪ್ಟರ್ ಬಳಗದವೇ. ಕಳ್ಳನೆನಿಸಿಕೊಂಡದ್ದು ಬಹುಶಃ ಕಾವು ಕೊಡಲು ಕೂತಿತ್ತು.

ಎಲುಬು, ಮೊಟ್ಟೆಗಳನ್ನು ಜೋಪಾನವಾಗಿ ಇಟ್ಟಿದ್ದರಿಂದಲೇ ಈ ತಪ್ಪು ತಿದ್ದಲು ಸಾಧ್ಯವಾಯಿತು. ಹಳೆಯ ಫಿಲ್ಮುಗಳನ್ನು ಏಕೆ ಉಳಿಸಬೇಕು ಎಂಬುದಕ್ಕೂ ನನಗೆ ಇದೇ ಉತ್ತರ.

ಉಳಿಸುವುದು ಸುಲಭವಲ್ಲ. ಆ ಕಾಲದ ನೈಟ್ರೇಟ್ ಫಿಲ್ಮಿಗೆ ಬೆಂಕಿ ತಗುಲಿದರೆ ನೀರಿನಲ್ಲಿ ಮುಳುಗಿಸಿದರೂ ಆರದು. ಸೆಕೆಯಲ್ಲಿಟ್ಟರೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ತಣ್ಣಗಿಡಬೇಕು, ನಕಲು ಮಾಡಬೇಕು, ಆ ನಕಲನ್ನೂ ಕಾಯಬೇಕು. ಸಾಹಸಿಗಳ ಕೀರ್ತಿಗಾಗಿ ಮಾತ್ರ ಇಷ್ಟು ಖರ್ಚೆಂದರೆ ಅದು ದುರ್ಬಲ ಕಾರಣ. ಕ್ಯಾಮೆರಾ ತಾನು ತೋರಿಸಬೇಕೆಂದದ್ದನ್ನಷ್ಟೇ ಹಿಡಿಯುವುದಿಲ್ಲ. ಹಿಂದೆ ನಿಂತವರ ಮುಖ, ಒಂಟೆಗೆ ಹೇರು ಬಿಗಿಯುವ ರೀತಿ, ಡೇರೆಯ ಕಟ್ಟು ಎಲ್ಲವೂ ಅದರಲ್ಲಿ ಬರಬಹುದು. ತೆಗೆದವನಿಗೆ ಅದು ಬರೀ ಹಿನ್ನೆಲೆ. ಆ ಸೀಮೆಯವರಿಗೆ ಅದೇ ಮುಖ್ಯ ಕಥೆ.

ಹಾಗಾದರೆ ಎಲ್ಲವನ್ನೂ ಎಲ್ಲರಿಗೂ ತೆರೆದಿಡೋಣವೇ? ಇಲ್ಲೊಂದು ತೊಡಕಿದೆ. ಅಂಥ ಚಿತ್ರಗಳಲ್ಲಿ ಕಾಣಿಸಿಕೊಂಡವರು ತಮ್ಮ ಮುಖ ಯಾವ ಪರದೆಯ ಮೇಲೆ ಮೂಡಬಹುದೆಂದು ಊಹಿಸಿರಲಾರರು. ಅವರ ಒಪ್ಪಿಗೆಯನ್ನು ಈಗ ಕೇಳಲಾಗದು. ಹಾಗೆಂದು ಬೀಗ ಹಾಕಿಟ್ಟರೆ ಅದೂ ಗೌರವವಲ್ಲ. ತೆಗೆದವನು ಕೊಟ್ಟ ವಿವರಣೆಯೇ ಕೊನೆಯ ಮಾತಾಗಿಬಿಡುತ್ತದೆ.

ಮೊದಲ ಪ್ರತಿ ಹೋಗಬೇಕಾದದ್ದು ಮಂಗೋಲಿಯಕ್ಕೆ. ಇದು ಯಾವ ಜಾಗ, ಇದು ಯಾವ ಕೆಲಸ, ಇದನ್ನು ತೋರಿಸುವುದು ಸರಿಯೇ ಎಂದು ಹೇಳುವ ಅಧಿಕಾರ ಅಲ್ಲಿನವರಿಗೆ ಸಿಗಬೇಕು. ಅವರು ಹೇಳಿದ್ದು ಹಳೆಯ ಶೀರ್ಷಿಕೆಯ ಪಕ್ಕದಲ್ಲೇ ದಾಖಲಾಗಬೇಕು. ನಾವು ನೋಡುವುದು ಆಮೇಲಾದರೂ ನಷ್ಟವಿಲ್ಲ. ಮೊಟ್ಟೆಗಳ್ಳನಿಗೆ ಇಟ್ಟ ಹೆಸರು ಇಂದಿಗೂ ಬದಲಾಗಿಲ್ಲ. ವೈಜ್ಞಾನಿಕ ಹೆಸರಿನ ನಿಯಮವೇ ಹಾಗೆ. ಮನುಷ್ಯರ ವಿಷಯದಲ್ಲಿ ಅಂಥ ನಿಯಮವೇನೂ ಇಲ್ಲವಲ್ಲ.