ಅತಿಥಿಯೋ ಗಿರಾಕಿಯೋ

ದುಡ್ಡು ಕೊಟ್ಟು ಒಬ್ಬನನ್ನು ಗೊತ್ತುಮಾಡಿಕೊಂಡು ಊರು ನೋಡುವ ರೂಢಿ ನಮ್ಮಲ್ಲಿ ಹೊಸದಲ್ಲ. ಕಾಶಿ, ಗಯೆಗಳಿಗೆ ಹೋದ ನಮ್ಮ ಹಿರಿಯರು ಊರು ಸೇರುವ ಮೊದಲೇ ಪಂಡಾಗಳ ಕೈಗೆ ಸಿಕ್ಕುತ್ತಿದ್ದರು. ಪಂಡಾ ಊರು ಮನೆತನ ಕೇಳಿ, ತನ್ನ ವಹಿ ಬಿಚ್ಚಿ, ಹಿಂದೆ ಬಂದುಹೋದ ಮುತ್ತಜ್ಜನ ಹೆಸರನ್ನು ಓದಿ ಹೇಳುತ್ತಿದ್ದ. ದಕ್ಷಿಣೆಯ ವಿಷಯದಲ್ಲಿ ವಾಗ್ವಾದ ನಡೆಯುತ್ತಿದ್ದುದೂ ಉಂಟು. ಆದರೂ ಅವನಿಗೆ ನಾವು ಯಾರೆಂಬುದು ಗೊತ್ತಿತ್ತು. ಈಗಿನ ಗೈಡಿಗೆ ಊರು ಗೊತ್ತು, ನಾವು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಇಂತಿಷ್ಟು ಹಣಕ್ಕೆ ಇಂತಿಷ್ಟು ಗಂಟೆ ಎಂದು ಮೊದಲೇ ಮಾತಾಗಿರುತ್ತದೆ. ಹಾಗೆ ಮಾತಾಡಿಕೊಂಡು ಪರ ಊರಿನ ಓಣಿಗಳನ್ನು ಹೊಗುವ ನಾವು ಆ ಊರಿನವರಿಗೆ ಏನಾಗಬೇಕು? ಅತಿಥಿಗಳೋ, ಗಿರಾಕಿಗಳೋ?

ಅರಮನೆ, ಕೋಟೆ, ಗುಮ್ಮಟಗಳ ಮುಂದೆ ಈ ಪ್ರಶ್ನೆ ಏಳುವುದಿಲ್ಲ. ವಿಜಾಪುರದ ಗೋಲಗುಮ್ಮಟದಲ್ಲಿ ಟಿಕೇಟು ಕೊಂಡು ಮೇಲೇರಿ, ಮಕ್ಕಳು ಕೂಗಿ ಕೂಗಿ ಮಾರ್ದನಿ ಕೇಳಿ ನಲಿದರೆ ಕೆಳಗೆ ಮಲಗಿರುವ ಆದಿಲಶಾಹನಿಗೆ ಏನೂ ಬಾಧೆಯಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ನಿರ್ಮಿಸಿದ ಹಸ್ತಶಿಲ್ಪ ಗ್ರಾಮವನ್ನು, ರಜೆಗೆ ಊರಿಗೆ ಹೋದಾಗ, ನಮ್ಮಲ್ಲಿ ಅನೇಕರು ನೋಡಿರಬಹುದು. ಎಲ್ಲೆಲ್ಲೋ ಬಿದ್ದುಹೋಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಆ ಸಾಹಸ ದೊಡ್ಡದು. ಆದರೆ ಆ ಮನೆಗಳಲ್ಲಿ ಒಲೆ ಉರಿಯುವುದಿಲ್ಲ. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಕೆಲವು ಭವ್ಯ ಮನೆಗಳ ಬಾಗಿಲಲ್ಲೇ ತಲೆಗೆ ಇಷ್ಟೆಂದು ತೆಗೆದುಕೊಂಡು ಒಳಗೆ ಬಿಡುತ್ತಾರೆ. ಅಲ್ಲಿಯೂ ತೊಡಕಿಲ್ಲ, ಮನೆಯ ಕಡೆಯವರು ಮಾರಿದರು, ನಾವು ಕೊಂಡೆವು. ತೊಡಕು ಬರುವುದು, ಜನ ವಾಸವಾಗಿರುವ ಬೀದಿಯನ್ನು ಅಲ್ಲಿ ವಾಸವಾಗಿಲ್ಲದ ಒಬ್ಬನಿಗೆ ಹಣ ಕೊಟ್ಟು ನೋಡುವಾಗ.

ಅಹಮದಾಬಾದಿನ ಹಳೆಯ ಪೇಟೆ ಅಂಥದು. ಮುಂಬಯಿಯಿಂದ ಒಂದು ರಾತ್ರಿಯ ರೈಲು ಪ್ರಯಾಣ. ಸಾಬರಮತಿಯ ಪೂರ್ವದ ದಡದಲ್ಲಿ 1411ರಲ್ಲಿ ಸುಲ್ತಾನ ಅಹಮದಶಾಹ ಕಟ್ಟಿದ ಈ ಊರನ್ನು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ನಗರ ಅದೇ. ಅದಕ್ಕೂ 20 ವರ್ಷ ಮೊದಲೇ, 1997ರಲ್ಲಿ, ಅಲ್ಲಿಯ ನಗರಪಾಲಿಕೆ ಬೆಳಗಿನ ಹೊತ್ತು ಕಾಲ್ನಡಿಗೆಯಲ್ಲಿ ಊರು ತೋರಿಸುವ ಏರ್ಪಾಟು ಮಾಡಿತು. ಕಾಲುಪುರದ ಸ್ವಾಮಿನಾರಾಯಣ ಮಂದಿರದಲ್ಲಿ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುವ ದಾರಿ ಅದು. ಖಾಸಗಿಯಾಗಿ ಕರೆದೊಯ್ಯುವವರೂ ಇದ್ದಾರೆ. ಗುಂಪಿನ ನಡಿಗೆಗೆ ಹೆಜ್ಜೆ ಹಾಕಲಾರದ ಹಿರಿಯರು ಜೊತೆಯಲ್ಲಿದ್ದುದರಿಂದ ನಾವು ಗೊತ್ತುಮಾಡಿಕೊಂಡದ್ದು ಅಂಥ ಒಬ್ಬ ತರುಣನನ್ನು. ಹುಟ್ಟಿದ್ದು ಅದೇ ಓಣಿಗಳಲ್ಲಿ, ಈಗಿರುವುದು ನದಿಯಾಚೆಯ ಫ್ಲ್ಯಾಟಿನಲ್ಲಿ.

ಅಲ್ಲಿಯ ವಸತಿಯ ಘಟಕಕ್ಕೆ ಪೋಳ ಎಂದು ಹೆಸರು. ಒಂದು ಪೋಳಕ್ಕೆ ಒಂದು ದೊಡ್ಡ ಬಾಗಿಲು, ಬಾಗಿಲ ಮೇಲೆ ಹಿಂದೆ ಕಾವಲುಗಾರ ಇರುತ್ತಿದ್ದ ಕೋಣೆ. ಒಳಗೆ ಹೊಕ್ಕರೆ ಇಬ್ಬರು ಎದುರುಬದುರಾಗಿ ಬಂದರೆ ಭುಜ ತಾಗುವಂಥ ಓಣಿ, ಅದರಿಂದ ಕವಲೊಡೆದ ಇನ್ನೂ ಕಿರಿದಾದ ಓಣಿಗಳು, ನಡುವೆ ಒಂದು ಗುಡಿ, ಸುದ್ದಿ ಬರೆಯುವ ಕರಿಹಲಗೆ, ಕಂಬದ ಮೇಲೆ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ. ಮನೆಗಳು ಇಟ್ಟಿಗೆಯವು, ಇಟ್ಟಿಗೆಯನ್ನು ಹಿಡಿದಿಡಲು ನಡುನಡುವೆ ಮರದ ತೊಲೆ. ಮುಂದೆ ಓಟಲೊ, ಎಂದರೆ ನಮ್ಮ ಜಗಲಿ. ಒಳಗೆ ಚೌಕ, ನಮ್ಮ ತೊಟ್ಟಿಮನೆಯ ತೊಟ್ಟಿಯ ಹಾಗೆ ಆಕಾಶಕ್ಕೆ ತೆರೆದದ್ದು. ಆ ಚೌಕದ ಅಡಿಯಲ್ಲಿ ನೆಲದೊಳಗೆ ಗಾರೆಯ ಟಾಂಕಿ. ಮಾಳಿಗೆಯ ಮೇಲೆ ಬಿದ್ದ ಮಳೆನೀರು ಕೊಳವೆಯಲ್ಲಿ ಇಳಿದು ಅದರಲ್ಲಿ ಸೇರುತ್ತದೆ. ಬಿಸಿಲು ತಾಗದಂತೆ ಮುಚ್ಚಿಟ್ಟ ಆ ನೀರನ್ನು ವರ್ಷವಿಡೀ ಕುಡಿಯಲು ಬಳಸುತ್ತಿದ್ದರಂತೆ. ಮಾರ್ಚಿ ತಿಂಗಳಿಗೇ ನೀರಿನ ಟ್ಯಾಂಕರಿನ ಹಾದಿ ಕಾಯುವ ನಮಗೆ ಇದಕ್ಕಿಂತ ದೊಡ್ಡ ಅದ್ಭುತ ಆ ಊರಿನಲ್ಲಿ ಬೇರೊಂದು ಕಾಣಲಿಲ್ಲ. ಕಂಬಗಳ ಕೆತ್ತನೆಯನ್ನು ಹೊಗಳುವವರು ಹೊಗಳಲಿ.

ಲಾಂಬೇಶ್ವರ ಪೋಳದಲ್ಲಿ ಗುಜರಾತಿ ಕವಿ ದಲಪತರಾಮರ ಮನೆಯಿದ್ದ ಜಾಗದಲ್ಲಿ ಮನೆಯ ಮುಂಭಾಗವನ್ನು ಮತ್ತೆ ಕಟ್ಟಿ, ಕಂಚಿನ ದಲಪತರಾಮರನ್ನು ಕೂರಿಸಿದ್ದಾರೆ. ಬಂದವರೆಲ್ಲ ಅವರ ಪಕ್ಕದಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. 1898ರಲ್ಲಿ ತೀರಿಕೊಂಡ ಕವಿಗೆ ಬೇಸರವಿಲ್ಲ. ಆದರೆ ನಾಲ್ಕು ಹೆಜ್ಜೆ ಆಚೆಗೆ, ನಿಜವಾದ ಜಗಲಿಯ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ಕಾಳು ಆರಿಸುತ್ತ ಕುಳಿತಿರುತ್ತಾಳೆ. ಕ್ಯಾಮರಾ ಅವಳ ಕಡೆಗೂ ಅಷ್ಟೇ ಸಲೀಸಾಗಿ ತಿರುಗುತ್ತದೆ. ಕಂಚಿಗೂ ಮನುಷ್ಯರಿಗೂ ಭೇದ ಕಾಣದ ಈ ಕಣ್ಣು ಗಿರಾಕಿಯ ಕಣ್ಣು. ತಾನು ಕೊಟ್ಟ ಹಣದಲ್ಲಿ ಈ ಓಣಿಯ ಸಮಸ್ತವೂ ಸೇರಿದೆ ಎಂದು ಅದು ತಿಳಿದಿದೆ: ಒಣಹಾಕಿದ ಬಟ್ಟೆ, ಹಲ್ಲುಜ್ಜುತ್ತಿರುವ ಹುಡುಗ, ತೆರೆದ ಬಾಗಿಲೊಳಗೆ ಕಾಣುವ ಕಾಯಿಲೆಯವರ ಹಾಸಿಗೆ. ಹಣ ಹೋದದ್ದು ಗೈಡಿನ ಜೇಬಿಗೆ. ಅಜ್ಜಿಯ ಪಾಲಿಗೆ ಬಂದದ್ದು ಬೆಳಗಾದರೆ ಹತ್ತಿಪ್ಪತ್ತು ಅಪರಿಚಿತರ ಕಾಲಸಪ್ಪಳ.

ನಮ್ಮ ಜೊತೆಗಿದ್ದ ಅತ್ತೆಯವರಿಗೆ ಕಾಲುನೋವು. ಅವರು ಯಾರನ್ನೂ ಕೇಳದೆ ಒಂದು ಜಗಲಿಯ ಮೇಲೆ ಕುಳಿತುಬಿಟ್ಟರು. ಆ ಮನೆಯ ಹೆಂಗಸು ಹೊರಗೆ ಬಂದಳು. ಅತ್ತೆಯವರಿಗೆ ಗುಜರಾತಿ ಬಾರದು, ಹಿಂದಿ ಅಷ್ಟಕ್ಕಷ್ಟೆ. "ಬೆಹನ್, ಪಾಂವ್ ದುಖತಾ," ಎಂದರು. ಒಂದು ಲೋಟ ನೀರು ಬಂತು. ಆಮೇಲೆ ಊರು ಯಾವುದು, ಮಕ್ಕಳೆಷ್ಟು, ಸೊಸೆ ನೌಕರಿ ಮಾಡುತ್ತಾಳೋ ಎಂಬಲ್ಲಿಂದ ಹಿಡಿದು ಉಪ್ಪಿನಕಾಯಿಗೆ ಬೆಲ್ಲ ಹಾಕುವುದು ಸರಿಯೋ ತಪ್ಪೋ ಎಂಬಲ್ಲಿಯವರೆಗೆ ಮಾತು ಹೋಯಿತು. ಗೈಡು ಎರಡು ಬಾರಿ ಗಡಿಯಾರ ನೋಡಿದ. ಕೊನೆಗೆ ಆಕೆಯೇ ಒಳಗೆ ಕರೆದು ಟಾಂಕಿಯ ಮುಚ್ಚಳ ಸರಿಸಿ ತೋರಿಸಿದಳು. ಅತ್ತೆಯವರು ಊರು ನೋಡಲಿಲ್ಲ, ಊರಿನವರು ಅವರನ್ನು ನೋಡಿದರು. ಅತಿಥಿಗೂ ಗಿರಾಕಿಗೂ ಇರುವ ಮೊದಲ ವ್ಯತ್ಯಾಸ ಇದೇ ಇರಬಹುದು. ಗಿರಾಕಿ ಕೇಳುತ್ತಾನೆ, ಅತಿಥಿ ಹೇಳಲೂ ಬೇಕಾಗುತ್ತದೆ.

ಎರಡನೆಯ ವ್ಯತ್ಯಾಸ ಋಣದ್ದು. ಗಿರಾಕಿ ಹಣ ಕೊಟ್ಟ ಕ್ಷಣದಲ್ಲಿ ಋಣಮುಕ್ತ. ಅತಿಥಿಗೆ ಆ ಬಿಡುಗಡೆ ಇಲ್ಲ. ಆ ಹೆಂಗಸಿಗೆ ಏನಾದರೂ ಕೊಡಬೇಕೇ ಎಂದು ಗೈಡನ್ನು ಕೇಳಿದೆವು. "ಬೇಡ, ನೊಂದುಕೊಳ್ಳುತ್ತಾರೆ. ಬೇಕಾದರೆ ಚಬೂತರೊದ ಕಾಳಿಗೆ ಹಾಕಿ," ಎಂದ. ಹಾಕಿದೆವು. ಹಕ್ಕಿಗಳಿಗೆ ಒಳ್ಳೆಯದಾಯಿತು. ಆದರೆ ಒಂದು ಲೋಟ ನೀರನ್ನು ಮರಳಿಸುವ ಸಂದರ್ಭ ನಮಗೆ ಮತ್ತೆಂದೂ ಬಾರದು. ಅಲ್ಲದೆ ಆಕೆ ಬಾಗಿಲು ತೆರೆದದ್ದು ಕಾಲುನೋವಿನ ಮುದುಕಿಗೆ. ಆ ಬಾಗಿಲ ಹಿಂದೆ ನಾಳೆ ನಾಳಿದ್ದು ಗೈಡು ಬೇರೆಯವರನ್ನು ಕರೆತಂದು "ಇಲ್ಲಿ ಟಾಂಕಿ ತೋರಿಸುತ್ತಾರೆ" ಎಂದರೆ ಆಕೆಯ ಔದಾರ್ಯವೇ ಅವನ ಸರಕಾಗುತ್ತದೆ. ಅವನನ್ನು ಬಯ್ಯುವಂತಿಲ್ಲ, ಅವನೂ ಹೊಟ್ಟೆಪಾಡಿನವನು.

ಇಷ್ಟು ಹೇಳಿದರೆ, ಅತಿಥಿಯಾಗುವುದು ಮೇಲು, ಗಿರಾಕಿಯಾಗುವುದು ಕೀಳು ಎಂದು ವಾಚಕರಿಗೆ ತೋರಬಹುದು. ಪ್ರಶ್ನೆ ಅಷ್ಟು ಸುಲಭವಲ್ಲ. ಅತಿಥಿಗೆ ಒಂದು ಕಟ್ಟುಪಾಡು ಉಂಟು: ಆತಿಥೇಯನ ಮನೆಯ ಬಿರುಕುಗಳ ಬಗ್ಗೆ ಅವನು ಮಾತೆತ್ತಬಾರದು.

ಪೋಳದ ದೊಡ್ಡ ಬಾಗಿಲನ್ನು ನಮ್ಮ ಗೈಡು ಬಹಳ ಪ್ರೀತಿಯಿಂದ ವರ್ಣಿಸಿದ. ರಾತ್ರಿ ಬಾಗಿಲು ಹಾಕಿದರೆ ಒಳಗಿನವರೆಲ್ಲ ಒಂದೇ ಮನೆಯವರಂತೆ ಎಂದ. ನಿಜವಿರಬಹುದು. ಆದರೆ ಬಾಗಿಲಿಗೆ ಒಳಗಿನ ಮಗ್ಗುಲಿರುವಂತೆ ಹೊರಗಿನ ಮಗ್ಗುಲೂ ಇದೆ. ಪೋಳಗಳು ಬಹುಮಟ್ಟಿಗೆ ಒಂದೊಂದು ಜಾತಿಯ, ಕಸಬಿನ, ಧರ್ಮದ ಜನ ಒಟ್ಟಾಗಿ ನೆಲೆಸಿದ ಕಡೆಗಳು. ಹಿಂದೆ ಅಲ್ಲಿ ಮನೆ ಮಾರುವುದಿದ್ದರೆ ಮೊದಲು ಪೋಳದವರನ್ನು ಕೇಳಬೇಕಿತ್ತು. ಊರು 1969ರಲ್ಲಿ, 1985ರಲ್ಲಿ, 2002ರಲ್ಲಿ ಗಲಭೆಗಳಲ್ಲಿ ಉರಿಯಿತು. ಗಲಭೆಗೆ ತುತ್ತಾದ ಪ್ರದೇಶಗಳೆಂದು ಸರಕಾರ ಸಾರಿದ ಕಡೆ ಆಸ್ತಿ ಮಾರಲು ಕಲೆಕ್ಟರರ ಅನುಮತಿ ಬೇಕೆಂಬ ಕಾನೂನು 1991ರಲ್ಲಿ ಬಂತು. ಹೆದರಿ ಅಗ್ಗಕ್ಕೆ ಮಾರಿ ಹೋಗುವವರನ್ನು ಕಾಯಬೇಕೆಂಬುದು ಅದರ ಉದ್ದೇಶ. ಒಂದು ಕೋಮಿನವನ ಪಕ್ಕಕ್ಕೆ ಇನ್ನೊಂದು ಕೋಮಿನವನು ಬಂದು ನೆಲೆಸುವುದು ಅದರಿಂದಲೇ ದುಸ್ತರವಾಯಿತು ಎನ್ನುವವರೂ ಇದ್ದಾರೆ. ಮಂದಿರದಿಂದ ಮಸೀದಿಗೆ ನಡೆಯುವ ಎರಡು ಗಂಟೆಯ ದಾರಿಯಲ್ಲಿ ಇದ್ಯಾವುದರ ಮಾತೂ ತಾನಾಗಿ ಬರಲಿಲ್ಲ.

ಬಾಡಿಗೆ ಮನೆ ಹುಡುಕಿ ಅಲೆದ ನಮ್ಮಂಥ ವಲಸೆಯವರಿಗೆ ಬಾಗಿಲ ಹೊರಮಗ್ಗುಲಿನ ಪರಿಚಯ ಇಲ್ಲದಿಲ್ಲ. ಹೆಸರು ಕೇಳಿ, ಊರು ಕೇಳಿ, "ಮೀನು ಮಾಂಸ ತಿನ್ನುತ್ತೀರಾ?" ಎಂದು ಕೇಳಿ, ಆಮೇಲೆ ಮನೆ ಆಗಲೇ ಹೋಯಿತು ಎಂದು ಹೇಳುವ ಸೊಸಾಯಿಟಿಗಳು ಯಾವ ಮಹಾನಗರದಲ್ಲಿಲ್ಲ? ಹೀಗಿರುವಾಗ ಆ ಬಾಗಿಲ ಮುಂದೆ ನಿಂತು ಕೆತ್ತನೆಯನ್ನಷ್ಟೇ ಹೊಗಳಿ ಬರುವುದು ಸೌಜನ್ಯವೋ ಅಥವಾ ಅನುಕೂಲವೋ? ಇಲ್ಲಿ ಗಿರಾಕಿಯ ಪಟ್ಟ ಉಪಯೋಗಕ್ಕೆ ಬರುತ್ತದೆ. ಹಣ ಕೊಟ್ಟವನಿಗೆ ಸರಿಯಾದ ತೂಕ ಕೇಳುವ ಹಕ್ಕುಂಟು. ಗೈಡಿನ ಮಾತಿಗೆ ಹಣ ಕೊಟ್ಟ ಮೇಲೆ ಆ ಮಾತು ಪೂರ್ಣವಾಗಿರಲಿ ಎಂದು ಕೇಳಬಹುದು. ಆದರೆ ನಾವು ಮಾಡುವುದು ತಿರುಗುಮುರುಗು. ಜಗಲಿಯ ಮುಂದೆ, ಅತಿಥಿಯ ಸಂಕೋಚ ಬೇಕಾದ ಕಡೆ, ಗಿರಾಕಿಗಳಾಗುತ್ತೇವೆ. ಬಾಗಿಲ ಮುಂದೆ, ಗಿರಾಕಿಯ ನಿಷ್ಠುರ ಬೇಕಾದ ಕಡೆ, ಅತಿಥಿಗಳಾಗಿ ಸುಮ್ಮನಾಗುತ್ತೇವೆ.

ಹಾಗೆಂದು ಎಲ್ಲ ಮಾತಿಗೂ ತಕ್ಕಡಿ ಹಿಡಿಯಬೇಕಾಗಿಲ್ಲ. ಊರು ಹುಟ್ಟಿದ ಕತೆಯನ್ನು ಗೈಡು ಹೇಳಿದ. ಅಹಮದಶಾಹ ಬೇಟೆಗೆ ಬಂದಾಗ ಮೊಲವೊಂದು ನಾಯಿಗಳ ಮೇಲೆ ತಿರುಗಿಬಿದ್ದುದನ್ನು ಕಂಡು, ಇದು ಗಂಡುಮೆಟ್ಟಿದ ನೆಲವೆಂದು ಇಲ್ಲಿಯೇ ರಾಜಧಾನಿ ಕಟ್ಟಿದನಂತೆ. ನಮ್ಮ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತುಂಗಭದ್ರೆಯ ದಡದಲ್ಲಿ ಹಕ್ಕಬುಕ್ಕರಿಗೆ ಸಿಕ್ಕಿದ ಮೊಲ ಇಷ್ಟು ದೂರ ಹೇಗೆ ಬಂತು? "ಈ ಕತೆ ನಮ್ಮದು" ಎಂದು ಮಗಳು ಹೇಳಿಯೇಬಿಟ್ಟಳು. ಅವನಿಗೆ ಸಿಟ್ಟು ಬರಲಿಲ್ಲ, ಹಂಪಿಯ ಕತೆಯನ್ನು ಕೇಳಿ ತಿಳಿದುಕೊಂಡ. ಮೊಲದ ಸುಳ್ಳಿನಿಂದ ಯಾರ ಮನೆಯೂ ಸುಟ್ಟಿಲ್ಲ. ಇಂಥ ಸುಳ್ಳು ಊರಿನ ಒಡವೆ. ಅದನ್ನು ಒರೆಗೆ ಹಚ್ಚದಿದ್ದರೂ ನಡೆಯುತ್ತದೆ. ಹೇಳದೆ ಬಿಟ್ಟ ನಿಜ ಬೇರೆ ಜಾತಿಯದು. ಅದರಿಂದ ನಷ್ಟವಾಗುವುದು ಆ ಓಣಿಯಿಂದ ಹೊರಟುಹೋದವರಿಗೆ. ಅವರ ಪರವಾಗಿ ಅಲ್ಲಿ ನಿಂತು ಕೇಳುವವರು ಯಾರೂ ಇರುವುದಿಲ್ಲ.

ನೋಡಿಸಿಕೊಳ್ಳುವ ಸರದಿ ನಮಗೂ ಬಂದಿದೆ. ಮುಂಬಯಿಯ ಧಾರಾವಿಯಲ್ಲಿ ಹಣ ತೆಗೆದುಕೊಂಡು ಪರದೇಶದವರನ್ನು ಸುತ್ತಿಸುವ ಏರ್ಪಾಟು ಬಹಳ ವರ್ಷಗಳಿಂದ ನಡೆದಿದೆ. ಅಲ್ಲಿಯ ಕುಂಬಾರರ ಕೇರಿ, ಚರ್ಮದ ಕೆಲಸದ ಗಾಳೆಗಳು ಅವರಿಗೆ ನೋಟದ ವಸ್ತು. ನಾವಿರುವ ಚಾಳಿನ ಮೊಗಸಾಲೆಗೆ ನಾಳೆ ಯಾರೋ ಬಂದು, ದಕ್ಷಿಣದಿಂದ ಬಂದ ಜನ ಹೀಗೆ ಬದುಕುತ್ತಿದ್ದರು ಎಂದು ನಮ್ಮ ಮುಂದೆಯೇ ಇಂಗ್ಲಿಷಿನಲ್ಲಿ ವರ್ಣಿಸಿದರೆ ನಮಗೆ ಹೇಗಾದೀತು? ಕ್ಯಾಮರಾ ತಡೆಯಬಹುದು. ಆದರೆ ನಮ್ಮ ಬಗ್ಗೆ ಹೇಳುವ ಮಾತು ಪೂರ್ತಿಯಾಗಿರಲಿ ಎಂದು, ನೀರಿಗಾಗಿ ಜಗಳವಾಡಿದ್ದನ್ನೂ ಹಬ್ಬ ಮಾಡಿದ್ದನ್ನೂ ಎರಡನ್ನೂ ಹೇಳಲಿ ಎಂದು ನಾವೂ ಅಪೇಕ್ಷಿಸುತ್ತೇವೆ.

ಜಾಮಾ ಮಸೀದಿಯ ಅಂಗಳದಲ್ಲಿ, 1424ರಲ್ಲಿ ಮುಗಿದ ಆ ಕಟ್ಟಡದ ಕಂಬಗಳ ಲೆಕ್ಕವನ್ನೆಲ್ಲ ಅವನು ಒಪ್ಪಿಸಿದ ಮೇಲೆ, ಪೋಳದ ಬಾಗಿಲನ್ನು ಕೊನೆಯ ಸಲ ಹಗಲಿನಲ್ಲಿ ಹಾಕಿದ್ದು ಯಾವಾಗ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೇಳಲೇ? ಕೆಲವರಿಗೆ ಬೇಕಾಗುವುದಿಲ್ಲ," ಎಂದ. ಹೇಳಿ ಎಂದೆವು. 2002ರಲ್ಲಿ ತಾನು ಚಿಕ್ಕ ಹುಡುಗ, ಬಾಗಿಲು ದಿನಗಟ್ಟಲೆ ಹಾಕಿತ್ತು, ಹಾಲಿಗೂ ಹೊರಗೆ ಹೋಗುವಂತಿರಲಿಲ್ಲ ಎಂದ. ಮುಖ್ಯ ರಸ್ತೆಯ ಆಚೆ ಬದಿಯಲ್ಲಿದ್ದ ಗೆಳೆಯನೊಬ್ಬನ ಮನೆಯವರು ಅದಾದ ಮೇಲೆ ಜುಹಾಪುರಕ್ಕೆ ಹೊರಟುಹೋದರು. ಸಂಕ್ರಾಂತಿಗೆ ಇಬ್ಬರೂ ಮಾಳಿಗೆಯ ಮೇಲೆ ನಿಂತು ಒಬ್ಬರ ಗಾಳಿಪಟ ಒಬ್ಬರು ಕತ್ತರಿಸುತ್ತಿದ್ದರಂತೆ. ಆ ಮನೆ ಈಗ ಚಪ್ಪಲಿಯ ಗೋದಾಮು. ತನ್ನ ಮನೆಯವರೂ ಕೆಲವು ವರ್ಷಗಳಲ್ಲಿ ನದಿ ದಾಟಿದರು. ನಾವು ಕೇಳದಿದ್ದ ಇನ್ನೂ ಒಂದು ಮಾತು ಹೇಳಿದ: ದಿನಾ ಜನರನ್ನು ಕರೆದುಕೊಂಡು ಆ ಗೋದಾಮಿನ ಮುಂದೆಯೇ ಹಾದುಬರುತ್ತಾನೆ, ಅಲ್ಲಿ ತೋರಿಸುವಂಥದು ಏನೂ ಇಲ್ಲವಾದ್ದರಿಂದ ನಿಲ್ಲುವುದಿಲ್ಲ.

ಗೊತ್ತುಮಾಡಿದ ಹೊತ್ತಿಗಿಂತ ಮುಕ್ಕಾಲು ಗಂಟೆ ಹೆಚ್ಚಾಗಿತ್ತು. ಅದರ ಹಣವನ್ನು ಸೇರಿಸಿ ಕೊಟ್ಟೆವು. ಎಣಿಸಿ ತೆಗೆದುಕೊಂಡ. ಆಮೇಲೆ ಅತ್ತೆಯವರ ಕೈ ಹಿಡಿದು, ಮಾಣೆಕ ಚೌಕದ ನೂಕುನುಗ್ಗಲನ್ನು ದಾಟಿಸಿ, ರಿಕ್ಷಾ ಹತ್ತಿಸಿದ.