ದೇವರ ಚಿತ್ತ

ನಮ್ಮ ಕಲ್ಯಾಣಪುರದ ಕ್ರೈಸ್ತರ ಮನೆಗಳಲ್ಲಿ ಸಾವಾದಾಗ ಮೊದಲು ಕೇಳಿಬರುವ ಮಾತು 'ದೆವಾಚಿ ಖುಶಿ', ಎಲ್ಲ ದೇವರ ಚಿತ್ತ. ನಾನೂ ಎಷ್ಟೋ ಜಗಲಿಗಳಲ್ಲಿ ನಿಂತು ಅದನ್ನೇ ಹೇಳಿ ಬಂದವಳು. ಸ್ವರ್ಣಾ ನದಿಯಲ್ಲಿ ಮುಳುಗಿ ನನ್ನ ವಿದ್ಯಾರ್ಥಿಯೊಬ್ಬ ತೀರಿಕೊಂಡಾಗ ಅವನ ತಾಯಿಗೂ ಹೇಳಿದೆ. ಆಕೆ ತಲೆಯೆತ್ತಿ, "ಟೀಚರ್, ನಿಮ್ಮ ಮಗನಾಗಿದ್ದರೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಯೋಬನ ಗೆಳೆಯರು ಏಳು ಹಗಲು, ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು. ತನ್ನ ಪರವಾಗಿ ವಾದಿಸಿದ ಅವರ ಮೇಲೆ ದೇವರಿಗೇ ಸಿಟ್ಟು ಬಂತು. ಜಗಳವಾಡಿದ ಯೋಬನನ್ನು ಮೆಚ್ಚಿದ. ಗೆತ್ಸೆಮನಿಯಲ್ಲಿ ಯೇಸು ತಂದೆಯ ಚಿತ್ತಕ್ಕೆ ಒಪ್ಪಿಸಿದ್ದೂ ತನ್ನ ಪಾತ್ರೆಯನ್ನು, ಇನ್ನೊಬ್ಬರದನ್ನಲ್ಲ. ಅದೂ ತಪ್ಪಿಸೆಂದು ಬೇಡಿಕೊಂಡ ಮೇಲೆ.

1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಅವನು ಮಡಿದ ಮೇಲೆ ಬದುಕುಳಿದ ಅನೇಕರು ಮರಳಿದರು. ಮರಳಿದವರು ಇದೆಲ್ಲ ದೇವರ ಯೋಜನೆ ಎಂದುಕೊಂಡಿದ್ದರೆ ಅದು ಅವರು ನೋವುಂಡು ಪಡೆದ ಹಕ್ಕು. ದಾರಿಯಲ್ಲೇ ಮಗುವನ್ನು ಮಣ್ಣುಮಾಡಿದ ತಾಯಿಗೆ ಬೇರೊಬ್ಬರು ಹಾಗೆ ಹೇಳಬಹುದಿತ್ತೇ?

ನನ್ನ ವಿಶ್ವಾಸವೇನೂ ಕಡಿಮೆಯಾಗಿಲ್ಲ. ನನ್ನ ಕಷ್ಟಗಳಿಗೆ ಈಗಲೂ 'ದೆವಾಚಿ ಖುಶಿ' ಎನ್ನುತ್ತೇನೆ.

ಆ ತಾಯಿ ಭಾನುವಾರ ಮಿಲಾಗ್ರಿಸ್ ಇಗರ್ಜಿಗೆ ಬರುತ್ತಾರೆ, ಹಿಂದಿನ ಸಾಲಿಗೆ. 'ಮಿಲಾಗ್ರಿಸ್' ಎಂದರೆ ಪವಾಡಗಳು. ದೇವರ ಚಿತ್ತ ನೆರವೇರಲೆಂಬ ಪ್ರಾರ್ಥನೆ ಬಂದಾಗ ಅವರ ತುಟಿ ಅಲುಗುವುದಿಲ್ಲ. ನಾನು ಪಕ್ಕದಲ್ಲಿ ಕೂರುತ್ತೇನೆ. ಪೂಜೆ ಮುಗಿದ ಮೇಲೆ ಮೀನಿನ ಕ್ರಯದ ಬಗ್ಗೆ ಮಾತಾಡುತ್ತ ಇಬ್ಬರೂ ಮನೆ ಕಡೆ ನಡೆಯುತ್ತೇವೆ.