ಒಂದೇ ಒಂದು ಲೈಸೀನ್

ಇನ್ಸುಲಿನ್ ಅಣುವಿನಲ್ಲಿ ಲೈಸೀನ್ ಇರುವುದು ಒಂದೇ ಒಂದು. 51 ಅಮೈನೋ ಆಮ್ಲಗಳ ನಡುವೆ, ಬಿ ಸರಪಳಿಯ 29ನೇ ಸ್ಥಾನದಲ್ಲಿ, ಇನ್ನೇನು ಸರಪಳಿ ಮುಗಿಯಿತು ಎನ್ನುವಲ್ಲಿ ಅದು ಕೂತಿದೆ. ನನಗಂತೂ ಇದನ್ನು ನೆನೆದಷ್ಟೂ ಬೆರಗು.

ರಕ್ತಕ್ಕೆ ಸೇರಿದ ಇನ್ಸುಲಿನ್ ಉಳಿಯುವುದು ಕೆಲವೇ ನಿಮಿಷ. ಮೇದೋಜ್ಜೀರಕ ಗ್ರಂಥಿ ಹೊಸದನ್ನು ಸುರಿಸುತ್ತಲೇ ಇದ್ದರೆ ಆ ಅಲ್ಪಾಯುಷ್ಯವೇ ವರ. ಗ್ರಂಥಿ ಕೈಬಿಟ್ಟವರಿಗೆ ಮಾತ್ರ ರಾತ್ರಿಯಿಡೀ ನಿಲ್ಲುವ ಇನ್ಸುಲಿನ್ ಬೇಕು. ಹಾಗೆಂದು ಅಣುವನ್ನು ಎಲ್ಲೆಂದರಲ್ಲಿ ಮುಟ್ಟುವಂತಿಲ್ಲ. ರಸಾಯನಜ್ಞರಿಗೆ ಹಿಡಿತ ಸಿಗುವ ಅಮೈನ್‌ಗಳು ಮೂರು. ಎ ಸರಪಳಿಯ ಮೊದಲ ಗ್ಲೈಸೀನನ್ನು ಕೆಣಕಿದರೆ ಅಣುವಿನ ಶಕ್ತಿಯೇ ಕುಂದುತ್ತದೆ. 29ರ ಲೈಸೀನ್ ಸಹಿಸಿಕೊಳ್ಳುತ್ತದೆ. ಇಂಥ ನೆಲೆಗಳನ್ನು ಅರಿಯಲು ಅಣುವಿನ ರೂಪ ಕಾಣಬೇಕಿತ್ತು. ರಸಾಯನಜ್ಞೆ ಡೊರೊಥಿ ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಮೊದಲ ಎಕ್ಸ್‌ರೇ ಚಿತ್ರ ತೆಗೆದದ್ದು 1934ರಲ್ಲಿ, ಅದರ ರಚನೆಯನ್ನು ಬಿಡಿಸಿದ್ದು 1969ರಲ್ಲಿ. ಸಂಧಿವಾತಕ್ಕೆ ಬೆರಳುಗಳು ಸೊಟ್ಟಗಾದರೂ ಆಕೆ ಕೈಬಿಡಲಿಲ್ಲ.

ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿ ರೂಪಿಸಿದ, ಹೆಚ್ಚು ಹೊತ್ತು ನಿಲ್ಲುವ ಇನ್ಸುಲಿನ್ ಆದ ಡೆಟೆಮಿರ್‌ನಲ್ಲಿ ಆ ಲೈಸೀನಿಗೆ 14 ಇಂಗಾಲಗಳ ಮಿರಿಸ್ಟಿಕ್ ಆಮ್ಲ ಅಂಟಿದೆ. ನಮ್ಮ ಜಾಯಿಕಾಯಿಯಲ್ಲೂ ತೆಂಗಿನೆಣ್ಣೆಯಲ್ಲೂ ಇರುವ ಕೊಬ್ಬಿನಾಮ್ಲ ಅದು! ಮೂರರಲ್ಲಿ ಲೈಸೀನನ್ನೇ ಆರಿಸುವುದು ಹೇಗೆ? ದ್ರಾವಣದ ಪಿಎಚ್ 10ರ ಆಚೆ ಏರಿದಾಗ ಅದರ ಅಮೈನ್ ಪ್ರೋಟಾನ್ ಕಳಚಿಕೊಂಡು ಮಿಕ್ಕೆರಡಕ್ಕಿಂತ ಚುರುಕಾಗುತ್ತದೆ. ಇತ್ತ ರಕ್ತದ ಪ್ರೋಟೀನಾದ ಆಲ್ಬುಮಿನ್‌ಗೆ ಕೊಬ್ಬಿನಾಮ್ಲ ಹೊರುವುದು ನಿತ್ಯದ ಕಾಯಕ. ಅಮ್ಮನ ಸೆರಗು ಹಿಡಿದು ಜಾತ್ರೆ ಸುತ್ತುವ ಮಗುವಿನಂತೆ ಡೆಟೆಮಿರ್ ಅದಕ್ಕೆ ಅಂಟಿಕೊಂಡು ತಿರುಗುತ್ತದೆ, ಬಿಟ್ಟಾಗಷ್ಟೇ ತನ್ನ ಕೆಲಸ ಮಾಡುತ್ತದೆ.

ಇದಕ್ಕೆ ಬೆಲೆ ತೆರಲೇಬೇಕಾಯಿತು. ಜೀವಕೋಶದ ಗ್ರಾಹಿಯನ್ನು ಡೆಟೆಮಿರ್ ಮೊದಲಿನಷ್ಟು ಬಿಗಿಯಾಗಿ ಹಿಡಿಯಲಾರದು. ಮಾನವ ಇನ್ಸುಲಿನ್‌ನ ಒಂದು ಯೂನಿಟ್‌ಗೆ 6 ನ್ಯಾನೋಮೋಲ್ ಸಾಕಾದರೆ ಇದಕ್ಕೆ 24 ಬೇಕು. ಕ್ರಿಯೆ ಉಳಿಯಿತು ಎಂದು ಹೇಳಿಬಿಡುವುದು ಸುಲಭ, ಎಷ್ಟು ಉಳಿಯಿತು ಎಂಬುದರಲ್ಲೇ ಇಡೀ ವಿದ್ಯೆ ಅಡಗಿದೆ.

ಐಕೊಡೆಕ್ ಎಂಬ ಇನ್ನೊಂದು ಇನ್ಸುಲಿನ್ ವಿಷಯದಲ್ಲಿ ಈ ಲೆಕ್ಕವೇ ತಿರುಗುಮುರುಗಾಯಿತು. ಗ್ರಾಹಿಗೆ ಅಂಟಿದ ಇನ್ಸುಲಿನ್ ಅದರ ಜೊತೆಗೇ ಕೋಶದೊಳಗೆ ಸೆಳೆಯಲ್ಪಟ್ಟು ನಾಶವಾಗುತ್ತದೆ. ಹಿಡಿತ ಸಡಿಲವಾದರೆ ಆಯುಷ್ಯ ಬೆಳೆಯುತ್ತದೆ. ಆದ್ದರಿಂದ ಮೂರು ಅಮೈನೋ ಆಮ್ಲಗಳನ್ನು ಬದಲಿಸಿ, ಅದೇ ಲೈಸೀನಿಗೆ 20 ಇಂಗಾಲಗಳ ಬಾಲ ಕಟ್ಟಿ, ಬೇಕೆಂದೇ ಹಿಡಿತ ಸಡಿಲಿಸಿದರು. 2024ರಲ್ಲಿ ಯುರೋಪ್ ಒಪ್ಪಿಗೆ ಕೊಟ್ಟ ಈ ಇನ್ಸುಲಿನ್‌ಗೆ ವಾರಕ್ಕೊಂದೇ ಚುಚ್ಚುಮದ್ದು. ಇಷ್ಟೆಲ್ಲ ಬದಲಾದರೂ ಗ್ರಾಹಿ ಅದನ್ನು ಇನ್ಸುಲಿನ್ ಎಂದೇ ಗುರುತಿಸುತ್ತದೆ.